ನೆಲದಲ್ಲಿ ಕಂಡ ಆಕಾಶಗಂಗೆ

ಸೇಡಂನ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಮನೆ ಚಿತ್ತಾಪುರದಲ್ಲಿ, ಓಡಾಟ ರೈಲಿನಲ್ಲಿ. ನಮ್ಮ ವಿಭಾಗದ ಮುಖ್ಯಸ್ಥರು ಒಂದು ಕಾಲಕ್ಕೆ ನನಗೇ ಪಾಠ ಹೇಳಿದವರು. ಆಗ ಗೆಳತಿಯೊಬ್ಬಳು ಗ್ರಾಫಿನಲ್ಲಿ ಗೆರೆ ಬಿಟ್ಟು ದೂರ ಬಿದ್ದ ಚುಕ್ಕಿಯೊಂದನ್ನು ರಬ್ಬರಿನಿಂದ ಒರೆಸಿದ್ದಳು. ಸರ್ ಆ ಹಾಳೆಯನ್ನು ಹರಿದು ಅವಳ ಕೈಗಿಟ್ಟು, "ಚುಕ್ಕಿ ಎಲ್ಲಿ ಬಿದ್ದದ ಅಲ್ಲೇ ಇರ್ಲಿ. ನಿನ್ನ ಮನಸ್ಸಿಗೆ ಬಂದಂಗ ಹಾರ್ಸಾಕ ಅದೇನು ನೊಣ ಅಲ್ಲ" ಎಂದಿದ್ದರು. ಆ ಒಂದು ಮಾತಿಗಾಗಿ ಅವರನ್ನು ಎಷ್ಟೋ ವರ್ಷ ಗೌರವಿಸಿದೆ.

ಈಚೆಗೆ, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಲೇಜಿನ ಮಾಳಿಗೆಯ ಮೇಲೆ ಒಂದು ಸಣ್ಣ ರೇಡಿಯೊ ದೂರದರ್ಶಕ ಮಾಡಿದೆವು. ಪ್ಲೈವುಡ್ಡಿಗೆ ಅಲ್ಯೂಮಿನಿಯಂ ತಗಡು ಬಡಿದ ದೊಡ್ಡ ಆಲಿಕೆ, ಅದರ ಬುಡದಲ್ಲಿ ಆಂಟೆನಾ, ಅಲ್ಲಿಂದ ಕಂಪ್ಯೂಟರಿಗೆ ತಂತಿ. ಆಕಾಶಗಂಗೆಯಲ್ಲಿರುವ ಹೈಡ್ರೋಜನ್ ಅನಿಲ ಒಂದು ಗೊತ್ತಾದ ಕಂಪನಾಂಕದಲ್ಲಿ ಸಣ್ಣಗೆ ಮಿಡಿಯುತ್ತಿರುತ್ತದೆ. ಅದು ಸಿಕ್ಕರೆ ಪರದೆಯ ಮೇಲಿನ ಸಪಾಟು ಗೆರೆಯಲ್ಲಿ ಒಂದು ದಿಬ್ಬ ಏಳುತ್ತದೆ. ನಮಗೆ ಬೇಕಿದ್ದುದು ಆ ದಿಬ್ಬ.

ಸಿಕ್ಕಿದ್ದು ಕೊಳೆ, ಅಂದರೆ ರೇಡಿಯೊ ಗದ್ದಲ. ಮೊಬೈಲುಗಳು, ಇನ್ವರ್ಟರು, ಅಗ್ಗದ ಟ್ಯೂಬ್‌ಲೈಟುಗಳು ಎಲ್ಲವೂ ಆ ಆಲಿಕೆಯೊಳಕ್ಕೆ ಉಗುಳುತ್ತಿದ್ದವು. ಮಳಖೇಡದ ಕಡೆಯಿಂದ ಬಂದು ಕೂರುವ ಸಿಮೆಂಟಿನ ಧೂಳನ್ನಾದರೂ ಒದ್ದೆ ಬಟ್ಟೆಯಿಂದ ಒರೆಸಬಹುದು. ಈ ಕೊಳೆಗೆ ಸಾಫ್ಟ್‌ವೇರೇ ಬೇಕು. ಅಕ್ಕಪಕ್ಕದ್ದಕ್ಕಿಂತ ಅತಿಯಾಗಿ ಮೇಲೆದ್ದ ದತ್ತಾಂಶಕ್ಕೆ ಅದು 'ಕೆಟ್ಟದ್ದು' ಎಂದು ಗುರುತು ಹಾಕಿ ಲೆಕ್ಕದಿಂದ ಬದಿಗಿಡುತ್ತದೆ. ಇದಕ್ಕೆ ಫ್ಲ್ಯಾಗ್ ಮಾಡುವುದು ಎನ್ನುತ್ತೇವೆ. ಅದರ ಕಣ್ಣು ತಪ್ಪಿಸಿದ್ದನ್ನು ನಾನು ಕೂತು, ತೊಗರಿ ಹಸನು ಮಾಡುವ ಹಾಗೆ ಆರಿಸುತ್ತಿದ್ದೆ.

ಎಲ್ಲಕ್ಕಿಂತ ಹೊಲಸು ಬರುತ್ತಿದ್ದುದು ಪ್ರಾಂಶುಪಾಲರ ಕೋಣೆಯಲ್ಲಿದ್ದ ಮೊಬೈಲ್ ಬೂಸ್ಟರಿನಿಂದ. ಸ್ವಲ್ಪ ಹೊತ್ತು ಬಂದ್ ಮಾಡಿ ಎಂದು ಕೇಳಿದೆ.

"ಅದನ್ನ ಬಂದ್ ಮಾಡಿದ್ರ ನನಗ ಫೋನ್ ಹತ್ತಂಗಿಲ್ಲ ಮೇಡಂ. ನಿಮ್ಮ ಚುಕ್ಕಿ ಎಲ್ಲಿಗೂ ಓಡಿಹೋಗಂಗಿಲ್ಲ" ಎಂದರು.

ಕೊಳೆಯೆಲ್ಲ ಬದಿಗಿಟ್ಟ ಮೇಲೆ ಉಳಿದ ದತ್ತಾಂಶ ತೀರ ಕಡಿಮೆ. ಅದರಲ್ಲಿ ದಿಬ್ಬ ಇರಲಿಲ್ಲ. ಇಲ್ಲ ಎಂದೇ ಬರೆದಿಟ್ಟೆ.

ಅಷ್ಟರಲ್ಲಿ ಕಾಲೇಜಿನ ತಪಾಸಣೆಗೆ ಕಮಿಟಿ ಬರುವ ಸುದ್ದಿ ಬಂತು. ಸರ್ ನನ್ನಿಂದ ದತ್ತಾಂಶದ ಫೈಲುಗಳನ್ನು ತೆಗೆದುಕೊಂಡು ಹೋದರು. ಕೆಲವು ದಿನ ಬಿಟ್ಟು ನನ್ನನ್ನು ಕರೆದು, "ಕುಂದ್ರಿ, ನೋಡ್ರಿ ಎಷ್ಟ್ ಚೆಂದ ಬಂದದ" ಎಂದು ಪರದೆ ತೋರಿಸಿದರು. ಪುಸ್ತಕದಲ್ಲಿರುವಂಥದೇ ದಿಬ್ಬ, ನುಣುಪಾಗಿ ಎದ್ದಿತ್ತು. ನನಗೆ ಕಣ್ಣೀರೇ ಬಂತು. ವಾಡಿಯಲ್ಲಿ ಡ್ಯೂಟಿಯ ಮೇಲಿದ್ದ ಗಂಡನಿಗೆ ಫೋನ್ ಮಾಡಿ ಹೇಳಿದೆ.

ಹೇಗೆ ಬಂತೆಂದು ತಿಳಿಯುವ ಆಸೆಯಿಂದ ಸಾಫ್ಟ್‌ವೇರ್ ತೆರೆದು ನೋಡಿದೆ. ಪುಸ್ತಕದ ದಿಬ್ಬವನ್ನು ಅದರೊಳಗೆ ಮೊದಲೇ ಕೂಡಿಸಿ, ಇದರಿಂದ ದೂರ ಬಿದ್ದದ್ದಕ್ಕೆಲ್ಲ ಕೆಟ್ಟದ್ದೆಂದು ಗುರುತು ಹಾಕು ಎಂದು ಹೇಳಲಾಗಿತ್ತು. ಒಳ್ಳೆಯ ದತ್ತಾಂಶವೂ ರಾಶಿ ರಾಶಿಯಾಗಿ ಕಸಕ್ಕೆ ಹೋಗಿತ್ತು. ಉಳಿದದ್ದು ಉತ್ತರಕ್ಕೆ ಹೊಂದಿಕೊಂಡದ್ದು ಮಾತ್ರ.

"ಎಲ್ಲಾರೂ ಫ್ಲ್ಯಾಗ್ ಮಾಡ್ತಾರ. ನೀವೂ ಮಾಡೀರಿ" ಎಂದರು ಸರ್.

"ನಾನು ಗದ್ದಲ ನೋಡಿ ಮಾಡೀನಿ ಸರ್. ಉತ್ತರ ನೋಡಿ ಮಾಡಿಲ್ಲ."

ಅವರು ಚಹಾ ತರಿಸಿದರು. ನಾನು ಕುಡಿಯಲಿಲ್ಲ.

ಮರುದಿನ ಕೊಡ್ಲಿ ಎಂಬ ಹಳ್ಳಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳ ನೆರವಿನಿಂದ ಆಲಿಕೆಯನ್ನು ಬಿಚ್ಚಿ, ಬಾಯಿ ಕೆಳಗಾಗಿಸಿ, ಮಾಳಿಗೆಯ ಶಹಾಬಾದ್ ಕಲ್ಲಿನ ಮೇಲೆ ಬೋರಲು ಹಾಕಿದೆ. ಆಕಾಶದ ಒಂದು ತುಣುಕೂ ಅದಕ್ಕೆ ಕಾಣುತ್ತಿರಲಿಲ್ಲ. ಹಾಗೆ ಹಿಡಿದ ದತ್ತಾಂಶವನ್ನು ಸರ್ ಮಾಡಿದ್ದ ರೀತಿಯಲ್ಲೇ ಸಾಫ್ಟ್‌ವೇರಿಗೆ ಉಣಿಸಿದೆ. ಹಾಸುಗಲ್ಲಿನಿಂದ ಆಕಾಶಗಂಗೆ ಎದ್ದು ಬಂತು. ಅದೇ ದಿಬ್ಬ, ಅದೇ ನುಣುಪು. ಹೋಗಿ ಮುಖ ತೊಳೆದುಕೊಂಡೆ.

ಸರ್‌ಗೆ ಅದನ್ನು ತೋರಿಸಿದೆ. ಅವರಿಗೆ ಅರ್ಥವಾಗಿತ್ತು, ನನಗಿಂತ ಬೇಗ. "ಇದನ್ನ ಯಾರಿಗೂ ತೋರಿಸಬ್ಯಾಡ್ರಿ. ಕಮಿಟಿ ಬಂದು ಹೋಗ್ಲಿ" ಎಂದರು.

ತೋರಿಸಿದೆ. ಕಮಿಟಿಯ ಹಿರಿಯರು ಊಟ ಮುಗಿಸಿ, ಬಾಯಿಯಲ್ಲಿ ಸೋಂಪು ಅಗಿಯುತ್ತ ಪ್ರಯೋಗಾಲಯಕ್ಕೆ ಬಂದಾಗ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟೆ. ಒಂದು ಆಕಾಶದ್ದು, ಒಂದು ಮಾಳಿಗೆಯ ಕಲ್ಲಿನದು, ಎರಡೂ ಒಂದೇ ಬರುತ್ತಿರುವುದರಿಂದ ಎರಡೂ ಸುಳ್ಳು ಎಂದು ವಿವರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಎರಡೂ ಭಾಳ ಚೆಂದ ಅವ. ಹಿಂಗೇ ಮಾಡ್ರಿ" ಎಂದು ಮುಂದಿನ ಕೋಣೆಗೆ ನಡೆದರು.

ಪ್ರಾಂಶುಪಾಲರು ನಕ್ಕರು. ಸರ್ ಕಿಟಕಿಯ ಕಡೆ ನೋಡುತ್ತಿದ್ದರು. ಸಿಟ್ಟಾಗಿದ್ದರೆ ಕೂಗಾಡಿ ಹಗುರಾಗುತ್ತಿದ್ದೆನೇನೋ. ಬಂದದ್ದು ಹೇಸಿಗೆ, ಊಟದ ತಟ್ಟೆಯಲ್ಲಿ ಬೇರೆಯವರ ಕೂದಲು ಕಂಡಾಗಿನಂಥದು. ಪ್ರಾಂಶುಪಾಲರು ಆಕಾಶದ್ದೆಂಬ ಆ ಚಿತ್ರಕ್ಕೆ ಕಟ್ಟು ಹಾಕಿಸಿ ಪ್ರಯೋಗಾಲಯದ ಬಾಗಿಲ ಬಳಿ ತೂಗುಹಾಕಿದರು. ಮಾಳಿಗೆಯ ಕೀಲಿಯನ್ನು ನನ್ನಿಂದ ಇಸಿದುಕೊಂಡರು.

ಒಂದು ಸಂಜೆ ಸ್ಟೇಷನ್ನಿನಲ್ಲಿ ಸರ್ ಸಿಕ್ಕು ನನ್ನ ಪಕ್ಕದಲ್ಲಿ ಕೂತರು.

"ನನ್ನ ಮ್ಯಾಲ ಇನ್ನಾ ಸಿಟ್ಟದ ಏನು?"

"ಸಿಟ್ಟಿಲ್ಲ ಸರ್. ನಿಮ್ಮನ್ನ ನೋಡಿದ್ರ ಹೇಸಿಗಿ ಆಗ್ತದ."

ಅವರು ತಲೆಯಾಡಿಸಿದರು, ಹವಾಮಾನದ ಮಾತು ಕೇಳಿದವರಂತೆ. ರೈಲು ಬಂತು, ನಾನು ಬೇರೆ ಡಬ್ಬಿ ಹತ್ತಿದೆ.

ಆಮೇಲೆ ಆ ವಿದ್ಯಾರ್ಥಿನಿಯ ಮನೆಯವರು ಕೊಡ್ಲಿಯಲ್ಲಿ, ತಮ್ಮ ಹೊಲದ ಬದಿಯಲ್ಲಿ ಜಾಗ ಕೊಟ್ಟರು. ಚಿಂಚೋಳಿಯ ತಗಡಿನ ಅಂಗಡಿಯಲ್ಲಿ ಹೊಸ ಆಲಿಕೆ ಬಡಿಸಿಕೊಂಡು ಹೋದೆವು. ಅಲ್ಲಿ ಗದ್ದಲ ಕಡಿಮೆ. ರಜೆಗಳಲ್ಲೆಲ್ಲ ಕೂತು, ಕೆಟ್ಟದ್ದಕ್ಕೆ ಮಾತ್ರ ಗುರುತು ಹಾಕುತ್ತ ಹೋದಂತೆ ಒಂದು ದಿಬ್ಬ ಕಾಣಿಸಿತು: ಕುಳ್ಳು, ಒಂದು ಕಡೆ ವಾಲಿದ್ದು, ಅಂಚೆಲ್ಲ ಒರಟು. ಆಲಿಕೆಯನ್ನು ನೆಲಕ್ಕೆ ತಿರುಗಿಸಿದರೆ ಅದು ಮಾಯವಾಗುತ್ತಿತ್ತು. ಹುಡುಗಿ ಮತ್ತೆ ಮತ್ತೆ ತಿರುಗಿಸಿ ನೋಡಿದಳು.

ಅದನ್ನು ಪ್ರಾಂಶುಪಾಲರಿಗೆ ಒಯ್ದು ತೋರಿಸಿ, ಗೋಡೆಯ ಮೇಲಿನದನ್ನು ತೆಗೆಯಿರಿ ಎಂದೆ. ಅವರು ಕತ್ತು ವಾಲಿಸಿ ನೋಡಿ, "ಇದ್ ಸ್ವಲ್ಪ ಸೊಟ್ಟ ಬಂದದಲ್ಲರಿ" ಎಂದರು.