ಕನ್ನಡಕ ಒರೆಸುವ ವಕೀಲ

ನಮ್ಮಣ್ಣನಿಗೆ ಕೋರ್ಟಿನಲ್ಲಿ ದೊಡ್ಡ ಹೆಸರು. ಡಾಕ್ಟರ ತಪ್ಪಿನಿಂದ ರೋಗಿ ಸತ್ತರೆ ಆಸ್ಪತ್ರೆಯವರು ಮೊದಲು ಫೋನ್ ಮಾಡುತ್ತಿದ್ದದ್ದು ಅವನಿಗೇ. ಸತ್ತವರ ಮನೆಯವರ ತಲೆ ಮೇಲೇ ಗೂಬೆ ಕೂರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಡಹುಟ್ಟಿದವಳು ಹೀಗೆ ಹೇಳಬಹುದೇ ಎನ್ನುವವರು ಪೂರ್ತಿ ಕೇಳಿ, ಆಮೇಲೆ ಅನ್ನಲಿ.

ಅವನು ಕೂಗಾಡುವ ವಕೀಲನಲ್ಲ. ಪಾಟಿ ಸವಾಲಿನಲ್ಲಿ ಮೆತ್ತಗೆ ಒಂದು ಪ್ರಶ್ನೆ ಕೇಳುತ್ತಿದ್ದ. ಉತ್ತರ ಬಂದ ಮೇಲೆ ಏನೂ ಅನ್ನದೆ ಕನ್ನಡಕ ತೆಗೆದು ಒರೆಸುತ್ತ ನಿಲ್ಲುತ್ತಿದ್ದ. ಕಟಕಟೆಯಲ್ಲಿದ್ದವರಿಗೆ ಆ ಮೌನ ತಡೆಯಲು ಆಗುತ್ತಿರಲಿಲ್ಲ. ಹೇಳಿದ್ದು ಸಾಲಲಿಲ್ಲವೇನೋ ಎಂದು ಇನ್ನಷ್ಟು ಹೇಳಿ ಕೆಡುತ್ತಿದ್ದರು. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಹಾಗೇ, "ನಾನೇ ಇನ್ನೂ ಬೇಗ ಕರ್ಕೊಂಡ್ ಬರ್ಬೇಕಿತ್ತೇನೋ" ಎಂದು ಅತ್ತಳಂತೆ. ಅಣ್ಣ ಇದನ್ನು ಊಟಕ್ಕೆ ಕೂತಾಗ ನಗುತ್ತ ಹೇಳಿದ. ನನ್ನ ಗಂಡ ತಟ್ಟೆ ಬಿಟ್ಟು ಎದ್ದುಹೋದರು.

ಆಮೇಲೆ ಅವರೇ ಇಲ್ಲವಾದರು. ಹರ್ನಿಯಾ ಆಪರೇಷನ್, ಸಂಜೆಗೆ ಎದ್ದು ಕೂರುತ್ತಾರೆ ಅಂದಿದ್ದರು. ಅರಿವಳಿಕೆ ಕೊಟ್ಟ ಡಾಕ್ಟರ್ ನಡುವೆಯೇ ಇನ್ನೊಂದು ಆಸ್ಪತ್ರೆಗೆ ಓಡಿದ. ಇವರು ವಾಂತಿ ಮಾಡಿಕೊಂಡು ಉಸಿರು ಕಟ್ಟಿದಾಗ ನೋಡುವವರಿರಲಿಲ್ಲ. ನಾನು ಕೇಸು ಹಾಕಿದೆ. "ನಾನು ನಿನ್ ಕಡೆಗೂ ಇಲ್ಲ, ಅವ್ರ ಕಡೆಗೂ ಇಲ್ಲ" ಅಂದ ಅಣ್ಣ. ಆಸ್ಪತ್ರೆಯ ಪರವಾಗಿ ನಿಂತವನು ಅವನ ಜೂನಿಯರ್.

ಆಪರೇಷನ್ನಿಗೆ ಮುಂಚೆ ಹೆಂಡತಿಯೇ ಕದ್ದು ನೀರು ಕುಡಿಸಿದ್ದಾಳೆ, ಅದಕ್ಕೇ ವಾಂತಿಯಾಯಿತು ಎಂಬುದು ಅವರ ವಾದ. ಕೋರ್ಟು ಅದನ್ನು ನಂಬಿದರೆ ಗಂಡನನ್ನು ಕೊಂದವಳು ನಾನೇ ಆಗುತ್ತಿದ್ದೆ.

"ನೀರು ಕುಡಿಸಿದ್ರಾ?" ಜೂನಿಯರ್ ಕೇಳಿದ.

"ಇಲ್ಲ."

"ಒದ್ದೆ ಬಟ್ಟೇಲಿ ತುಟಿ ಒರೆಸಿದ್ರಾ?"

ಅದನ್ನು ನಾನು ಹೇಳಿಕೊಂಡದ್ದು ಒಬ್ಬನ ಹತ್ತಿರ ಮಾತ್ರ. ಇವರು ಹೋದ ಮಾರನೇ ದಿನ, ಅಣ್ಣನ ಹೆಗಲ ಮೇಲೆ ತಲೆಯಿಟ್ಟು ಅಳುತ್ತ.

"ಒರೆಸಿದೆ. ನರ್ಸ್ ಹೇಳಿದ್ಮೇಲೆ ಒರೆಸಿದೆ."

ಜೂನಿಯರ್ ಕನ್ನಡಕ ತೆಗೆದು ಒರೆಸತೊಡಗಿದ. ಗುರುವಿಗೆ ತಕ್ಕ ಶಿಷ್ಯ! ಬಟ್ಟೆ ಸ್ವಲ್ಪ ಜಾಸ್ತಿ ಒದ್ದೆಯಿತ್ತೇನೋ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿಂಡಿಯೇ ಒರೆಸಿದ್ದೆ, ಆದರೂ ಆ ಅನುಮಾನ ನನ್ನನ್ನು ದಿನವೂ ತಿನ್ನುತ್ತಿತ್ತು. ಹಲ್ಲು ಕಚ್ಚಿ ನಿಂತೆ. ಕೊನೆಗೆ ಜಡ್ಜೇ ಬೇಸತ್ತು, "ಮುಂದಿನ ಪ್ರಶ್ನೆ ಕೇಳ್ರೀ" ಅಂದರು. ಅವನ ಹತ್ತಿರ ಇನ್ನೇನೂ ಇರಲಿಲ್ಲ. ಆಮೇಲೆ ನಮ್ಮ ವಕೀಲರು ಆ ನರ್ಸನ್ನು ಕರೆಸಿದರು. ತಾನೇ ಹೇಳಿದ್ದು ಎಂದು ಅವಳು ಒಪ್ಪಿದಳು. ನೀರಿನ ಕತೆ ಅಲ್ಲಿಗೇ ಬಿದ್ದುಹೋಯಿತು.

ವರಾಂಡದಲ್ಲಿ ಅಣ್ಣ ನಿಂತಿದ್ದ. "ಗಟ್ಟಿಯಾಗಿ ನಿಂತ್ಕೊಂಡೆ ಕಣೇ" ಅಂದ.

ಮೈಯೆಲ್ಲ ಉರಿಯಿತು. ನನ್ನ ಕನ್ನಡಕ ತೆಗೆದು ಕರ್ಚೀಫಿನಿಂದ ಒರೆಸುತ್ತ ನಿಂತೆ.

"ನಾನೇನೂ ಬೇಕು ಅಂತ ಹೇಳ್ಲಿಲ್ಲ" ಅಂದ.

ಒರೆಸಿದೆ.

"ಆಸ್ಪತ್ರೆಯವರು ಹಳೇ ಕಕ್ಷಿದಾರರು. ಇಲ್ಲ ಅನ್ನೋಕಾಗುತ್ತಾ?"

ಇನ್ನೊಂದು ಗಾಜು ಒರೆಸಿದೆ.

"ನಿನ್ ತಪ್ಪಿಲ್ಲ ಅಂತ ನಂಗೊತ್ತಿತ್ತು ಕಣೇ. ಹೆದರ್ಕೊಂಡು ನೀನೇ ಏನಾದ್ರೂ ಒಪ್ಕೋತೀಯ ಅಂತ ನಾನೇ ಅವನಿಗೆ..."

ಕನ್ನಡಕ ಹಾಕಿಕೊಂಡು ಮೆಟ್ಟಿಲಿಳಿದೆ. ಹಿಂದಿನಿಂದ ಅವನು ಇನ್ನೂ ಮಾತಾಡುತ್ತಲೇ ಇದ್ದ.