ಮುಳುಗುವ ಮೊದಲೇ ಕರೆದರು

ಬೆಟ್ಟದ ಮೇಲಿನ ಕೆರೆಗೆ ಇನ್ನೂ ಬಿಸಿಲು ಇಳಿದಿಲ್ಲ. ದಡದ ಗುಡಾರಗಳಲ್ಲಿ ಯಾರೂ ಎದ್ದಿಲ್ಲ, ಒಂದೆರಡು ಕಡೆ ಗೊರಕೆ ಮಾತ್ರ ಕೇಳುತ್ತಿದೆ. ಎದೆಮಟ್ಟದ ನೀರಿನಲ್ಲಿ ಒಬ್ಬರು ಬಿದಿರಿನ ಕೋಲು ಹಿಡಿದು ನಿಂತಿದ್ದಾರೆ. ಕೋಲನ್ನು ತಳಕ್ಕೆ ಊರುತ್ತಾರೆ, ಅಲುಗಿಸುತ್ತಾರೆ, ಒಂದು ಹೆಜ್ಜೆ ಸರಿದು ಮತ್ತೆ ಊರುತ್ತಾರೆ. ಕೋಲು ಮೆತ್ತಗೆ ಇಳಿದರೆ ಅಲ್ಲೇ ನಿಂತು ಕಾಲಿನಿಂದ ತಡವುತ್ತಾರೆ. ನಿನ್ನೆ ಗಟ್ಟಿಯಿದ್ದ ನೆಲ ಇವತ್ತು ಹಾಗೇ ಇರಬೇಕೆಂದಿಲ್ಲ.

ತಳ ನೋಡಿದ ಮೇಲೆ ಹಗ್ಗ. ಅದರುದ್ದಕ್ಕೂ ಅಡುಗೆ ಎಣ್ಣೆಯ ಖಾಲಿ ಕ್ಯಾನುಗಳನ್ನು ಕಟ್ಟಿದ್ದಾರೆ. ಬೋಂಡಾ ಅಂಗಡಿಯಿಂದ ಹೆಂಡತಿ ಕೇಳಿ ತಂದ ಹಳದಿ ಕ್ಯಾನುಗಳು. ಅವು ನೀರಿನ ಮೇಲೆ ಸಾಲಾಗಿ ಕುಣಿಯುತ್ತವೆ. "ಇದರೀಚೆ ಮಕ್ಕಳು, ಆಚೆ ನಾನು. ಅಷ್ಟೇ ಸಾರ್ ನನ್ನ ಕೆಲ್ಸ" ಎನ್ನುತ್ತಾರೆ ಮುನಿರಾಮಯ್ಯ.

ಇವತ್ತು ಹಗ್ಗದ ಈಚೆ ಮಕ್ಕಳು ಬರುತ್ತಾರೋ ಇಲ್ಲವೋ ಅವರಿಗೆ ಗೊತ್ತಿಲ್ಲ. ನಿನ್ನೆ ಸಂಜೆ ಅವರ ಇನ್ನೊಂದು ಕೆಲಸ ಏನೆಂದು ಇಲ್ಲಿನ ತಂದೆತಾಯಂದಿರಿಗೆ ತಿಳಿದುಹೋಗಿದೆ. ಆದರೂ ಗಂಟು ಬಿಗಿಯಾಗಿಯೇ ಹಾಕುತ್ತಾರೆ.

ಮುನಿರಾಮಯ್ಯನವರದು ಹೇರೋಹಳ್ಳಿ. ಐವತ್ತೆಂಟು ವರ್ಷ. ಹೊಲಗದ್ದೆಗಳು ಸೈಟುಗಳಾಗುವ ಮೊದಲಿನಿಂದ ಇರುವ ಮನೆತನ. ಊರ ಕೆರೆಯಲ್ಲಿ ಅಪ್ಪ ಬಲೆ ಬೀಸುತ್ತಿದ್ದರು. "ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗೆ ತಳ್ಳಿದ್ರು. ಅದೇ ನಮ್ಗೆ ಕೋಚಿಂಗು" ಎಂದು ನಗುತ್ತಾರೆ. ಈಗ ಅವರ ಜೀವನ ನಡೆಯುವುದು ಸಂಪುಗಳಿಂದ. ಬಸವೇಶ್ವರನಗರ, ವಿಜಯನಗರದ ಮನೆಗಳಲ್ಲಿ ನೆಲದಡಿಯ ನೀರಿನ ಸಂಪಿಗೆ ಇಳಿದು ಕೆಸರು ಬಳಿದು, ಗೋಡೆ ಉಜ್ಜಿ, ಮೇಲೆ ಬರುತ್ತಾರೆ. ಬಾಡಿಗೆಯವರು ಬದಲಾದಾಗ, ಮನೆಯಲ್ಲಿ ಮದುವೆ ಗೊತ್ತಾದಾಗ ಅವರಿಗೆ ಕರೆ ಬರುತ್ತದೆ.

ಇನ್ನೊಂದು ಕರೆಯೂ ಬರುತ್ತದೆ. ಕಲ್ಲು ತೆಗೆದ ಹಳ್ಳದಲ್ಲಿ, ಕೆರೆಯಲ್ಲಿ, ಕೃಷಿ ಹೊಂಡದಲ್ಲಿ ಯಾರಾದರೂ ಮುಳುಗಿದರೆ ಪೊಲೀಸರಿಗೆ ಅವರ ನಂಬರು ನೆನಪಾಗುತ್ತದೆ. ಇಪ್ಪತ್ತರ ಹರೆಯದಲ್ಲಿ ಪಕ್ಕದ ಬೀದಿಯ ಹುಡುಗನಿಗಾಗಿ ಮೊದಲ ಸಲ ಇಳಿದರು. ದಡದ ತುಂಬ ಜನ ಇದ್ದರು, ಇಳಿಯುವವರಿರಲಿಲ್ಲ. "ಒಂದ್ಸಲ ಇಳಿದ್ರೆ ಮುಗೀತು. ಆಮೇಲೆ ಎಲ್ಲಾರಿಗೂ ಅವನೇ ಬೇಕು." ಎಷ್ಟು ಜನರನ್ನು ಎತ್ತಿದ್ದೀರಿ ಎಂದರೆ ತಲೆಯಾಡಿಸುತ್ತಾರೆ. "ಲೆಕ್ಕ ಇಡಬಾರದು ಸಾರ್. ಇಟ್ರೆ ಇನ್ನೊಂದ್ಸಲ ಇಳಿಯೋಕಾಗಲ್ಲ."

ಅವರದೊಂದು ಪದ್ಧತಿ ಇದೆ. ದೇಹವನ್ನು ದಡಕ್ಕೆ ತಂದ ತಕ್ಷಣ ಯಾರನ್ನೂ ಹತ್ತಿರ ಬಿಡುವುದಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖದ ಮಣ್ಣು ಒರೆಸುತ್ತಾರೆ, ಕಣ್ಣು ಮುಚ್ಚುತ್ತಾರೆ, ಬೆರಳಿನಿಂದ ತಲೆಗೂದಲು ಸರಿಮಾಡುತ್ತಾರೆ. ಆಮೇಲೆ ಮನೆಯವರನ್ನು ಕರೆಯುತ್ತಾರೆ. "ತಾಯಿ ನೋಡೋ ಮುಖ ಸಾರ್ ಅದು. ಮಣ್ಣಿರಬಾರ್ದು."

ಊರಿಗೆ ಇಂಥವರು ಬೇಕು. ಕೆಲಸ ಮುಗಿದ ಮೇಲೆ ಮಾತ್ರ ಅವರ ಮುಖ ಯಾರಿಗೂ ಬೇಡ. ಮದುವೆ ಮನೆಗೆ ಇವರು ತಡವಾಗಿ ಹೋಗಿ ಕೊನೆಯ ಪಂಕ್ತಿಯಲ್ಲಿ ಕೂರುತ್ತಾರೆ, ಯಾರೂ ಹೇಳದಿದ್ದರೂ. ಹೆಣ ಎತ್ತಿದ ದಿನ ಬೀದಿಯ ನಲ್ಲಿಯಲ್ಲೇ ಮಿಂದು, ಮುನೇಶ್ವರನ ಗುಡಿಗೆ ನಿಂಬೆಹಣ್ಣು ಕೊಟ್ಟು, ಮನೆ ಹೊರಗೇ ಮಲಗುತ್ತಾರೆ.

"ಮುಟ್ಬೇಡಿ ಅಂತ ನಾನು ಒಂದಿನಾನೂ ಅಂದಿಲ್ಲ" ಎನ್ನುತ್ತಾರೆ ಹೆಂಡತಿ ಮುನಿತಾಯಮ್ಮ. "ಅವರೇ ದೂರ ಕೂತ್ಕೋತಾರೆ. ಮೊಮ್ಮಗಳು ತಾತಾ ಅಂತ ಓಡ್ಬಂದ್ರೆ ಕೈ ಹಿಂದಕ್ಕೆ ಕಟ್ಕೋತಾರೆ. ನೋಡೋಕಾಗಲ್ಲ ಅದನ್ನ. ಆ ಫೋನೊಂದು ಬಡ್ಕೊಂಡ್ರೆ ನನ್ನ ಎದೆ ಧಸಕ್ ಅಂತದೆ. ಎಲ್ಲೋ ಯಾರೋ ಹೋದ್ರು ಅಂತ್ಲೇ ಲೆಕ್ಕ."

ಅಂಥವರು ಬೆಟ್ಟದ ಕೆರೆಗೆ ಬಂದದ್ದು ಒಂದು ಸಂಪಿನ ಮೂಲಕ. ಬಸವೇಶ್ವರನಗರದ ವೆಂಕಟಗಿರಿ ನಿವೃತ್ತ ವ್ಯಾಯಾಮ ಶಿಕ್ಷಕರು. ಬೇಸಿಗೆ ರಜೆಯಲ್ಲಿ ಬಡಾವಣೆಯ ಕುಟುಂಬಗಳನ್ನು ಕೂಡಿಸಿ, ಕೆಂಗೇರಿಯಿಂದ ಬಸ್ಸು ಮಾಡಿಕೊಂಡು, ಅಜ್ಜಿಯರಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರನ್ನೂ ಐದು ದಿನದ ಶಿಬಿರಕ್ಕೆ ಕರೆದೊಯ್ಯುತ್ತಾರೆ. ಮೂರು ವರ್ಷದ ಹಿಂದೆ ಅವರ ಮನೆಯ ಸಂಪಿನೊಳಗೆ ನಿಂತಿದ್ದ ಮುನಿರಾಮಯ್ಯನವರಿಗೆ ಮೇಲಿನಿಂದ ಈ ಶಿಬಿರದ ಮಾತು ಕೇಳಿಸಿತು. ತಲೆ ಹೊರಹಾಕಿ, "ನೀರಿನ ಹತ್ರ ಯಾರಿರ್ತಾರೆ ಸಾರ್?" ಎಂದರು.

"ನಾವೆಲ್ಲ ಇರ್ತೀವಲ್ಲ."

"ಎಲ್ಲಾ ಇರೋ ಕಡೆನೇ ಸಾರ್ ಯಾರೂ ನೋಡ್ತಾ ಇರಲ್ಲ."

ವೆಂಕಟಗಿರಿ ಆ ವರ್ಷದಿಂದ ಅವರಿಲ್ಲದೆ ಶಿಬಿರಕ್ಕೆ ಬಂದಿಲ್ಲ. ಉಳಿದವರಿಗೆ ಮಾತ್ರ 'ಈಜು ಹೇಳಿಕೊಡುವವರು' ಎಂದಷ್ಟೇ ಹೇಳಿದ್ದರು. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಮುನಿರಾಮಯ್ಯನವರಿಗೆ ಆ ಕರೆ ದೊಡ್ಡದು. "ನನ್ನ ಯಾವಾಗ್ಲೂ ಎಲ್ಲಾ ಮುಗಿದ್ಮೇಲೆ ಕರೀತಾರೆ ಸಾರ್. ಮುಳುಗೋಕೆ ಮುಂಚೆ ಕರೆದಿದ್ದು ಇವರೊಬ್ರೇ."

ಅವರು ಮೊದಲು ಕಲಿಸುವುದು ಈಜನ್ನಲ್ಲ, ತೇಲುವುದನ್ನು. ಮಗುವನ್ನು ನೀರಿನ ಮೇಲೆ ಅಂಗಾತ ಮಲಗಿಸಿ ಬೆನ್ನಿನ ಕೆಳಗೆ ಅಂಗೈ ಇಡುತ್ತಾರೆ. ಮಗು ಆಕಾಶ ನೋಡಬೇಕು, ಮೈ ಬಿಡಬೇಕು. ಭಯ ಹೋದದ್ದು ಅಂಗೈಗೆ ಗೊತ್ತಾಗುತ್ತದಂತೆ. ಆಗ ಕೈ ತೆಗೆಯುತ್ತಾರೆ. ಎರಡನೆಯ ದಿನದ ಹೊತ್ತಿಗೆ ಅರ್ಧ ಮಕ್ಕಳು ತೇಲುತ್ತಿದ್ದರು. ಅಭಿನವ್ ಎಂಬ ಒಂಬತ್ತರ ಹುಡುಗ ಕೈ ತೆಗೆದೊಡನೆ ಮುಳುಗಿ, ಕೆಮ್ಮಿ, "ಇನ್ನೊಂದ್ಸಲ ತಾತಾ" ಎನ್ನುತ್ತಿದ್ದ.

ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಒಂದೇ ಒಂದು ಬಂಡೆಯ ಮೇಲೆ. ನಿನ್ನೆ ಸಂಜೆ ಅಲ್ಲಿ ನಿಂತಿದ್ದ ಅಭಿನವ್‌ನ ತಂದೆ ರವಿಕುಮಾರ್‌ಗೆ ಯಾರೋ ಒಂದು ವಿಡಿಯೊ ಕಳಿಸಿದರು. ಕಳೆದ ವಾರ ಕಲ್ಲುಹಳ್ಳವೊಂದರಿಂದ ಕಾಲೇಜು ಹುಡುಗನ ದೇಹ ತೆಗೆದ ದೃಶ್ಯ. ಹೊತ್ತು ಬರುತ್ತಿದ್ದವರ ಮುಖ ಗುರುತಿನದು. ಟೀ ಕುಡಿಯುತ್ತಿದ್ದವರ ನಡುವೆ ಮೊಬೈಲು ಕೈಯಿಂದ ಕೈಗೆ ಹೋಯಿತು.

"ಹೋದ ವಾರ ಹೆಣ ಹೊತ್ತ ಕೈ ಸಾರ್ ಇದು" ಎಂದರು ರವಿಕುಮಾರ್ ವೆಂಕಟಗಿರಿಯವರಿಗೆ. "ಅದೇ ಕೈ ಮೇಲೆ ನಮ್ಮ ಮಕ್ಕಳನ್ನ ಮಲಗಿಸ್ತಾ ಇದೀರ. ಒಂದ್ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

ಗುಂಪಿನ ಹಿರಿಯರಾದ ಅಂಬುಜಾ ಬೋಂಡಾ ಮುರಿಯುತ್ತಲೇ ಕೇಳಿದರು. "ಸತ್ತೋರನ್ನ ಮುಟ್ಟದೇ ಇರೋ ಡಾಕ್ಟರ್ ಯಾರಿದಾರೆ ರವಿ? ಅವರ ಹತ್ರ ಹೋಗಲ್ವಾ ನೀನು?"

"ಡಾಕ್ಟರ್ ಬೇರೆ ಆಂಟಿ."

"ಹೂಂ ಕಣಪ್ಪ. ಫೀಸ್ ಜಾಸ್ತಿ."

ಒಂದಿಬ್ಬರು ನಕ್ಕರು, ಆದರೆ ಮಾತಿನ ಕಾವು ಇಳಿಯಲಿಲ್ಲ. ಟೀ ಲೋಟ ಕೆಳಗಿಟ್ಟು ನಿಂತಿದ್ದ ಮುನಿರಾಮಯ್ಯನವರ ಎರಡೂ ಕೈ ಬೆನ್ನ ಹಿಂದೆ ಹೋಗಿದ್ದವು. "ನಾನು ದಡದಲ್ಲೇ ಕೂತಿರ್ತೀನಿ. ಯಾರನ್ನೂ ಮುಟ್ಟಲ್ಲ. ಮಕ್ಕಳು ಹಗ್ಗ ದಾಟದಂಗೆ ನೋಡ್ಕೊಂಡ್ರೆ ಸಾಕು" ಎಂದರು. ತಂದೆತಾಯಂದಿರ ಮೇಲೆ ಮುನಿರಾಮಯ್ಯನವರಿಗೇನೂ ಕೋಪವಿಲ್ಲ. "ತಪ್ಪೇನಿದೆ ಸಾರ್? ನನ್ನ ಮೊಮ್ಮಗಳನ್ನೇ ನಾನು ಆವತ್ತು ಮುಟ್ಟಲ್ಲ. ನಿಂಬೆಹಣ್ಣು ಕೊಟ್ಟು ಬಂದಿದೀನಿ ಅಂದ್ರೆ ಅವರು ನಂಬ್ಬೇಕಲ್ಲ."

ಆದರೆ ಅಂಗೈ ಇಲ್ಲದೆ ತೇಲುವುದನ್ನು ಕಲಿಸುವುದು ಹೇಗೆ?

ಮೂರನೆಯ ದಿನದ ಬಿಸಿಲು ಏರಿದೆ. ಮಕ್ಕಳು ಒಣಬಟ್ಟೆಯಲ್ಲಿ ದಡದ ಮೇಲೆ ಕುಳಿತು ಕಲ್ಲೆಸೆಯುತ್ತಿದ್ದಾರೆ. ಹಳದಿ ಕ್ಯಾನುಗಳ ಈಚೆ ನೀರು ಖಾಲಿ. ರವಿಕುಮಾರ್ ಊರಿಗೆ ಹೊರಡಲು ಜೀಪು ಕರೆಸಿದ್ದಾರೆ. ಬ್ಯಾಗಿನ ಮೇಲೆ ಕುಳಿತ ಅಭಿನವ್‌ನ ಕಣ್ಣು ಕೆಂಪಾಗಿದೆ. ಮುನಿರಾಮಯ್ಯ ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲುತ್ತಾರೆ.

"ಸಾರ್, ಹುಡುಗ ಅರ್ಧ ಕಲ್ತಿದಾನೆ. ನೀರಿನ ಭಯ ಹೋಗಿದೆ, ತೇಲೋದು ಬಂದಿಲ್ಲ. ಏನೂ ಕಲೀದೇ ಇರೋನು ದಡದಲ್ಲಿರ್ತಾನೆ. ಅರ್ಧ ಕಲ್ತೋನು ಇಳೀತಾನೆ. ನನ್ನ ಹತ್ರ ಬೇಡ, ಊರಲ್ಲಿ ಯಾರ ಹತ್ರನಾದ್ರೂ ಪೂರ್ತಿ ಕಲಿಸ್ಬಿಡಿ. ಅಲ್ಲೀವರೆಗೆ ಒಬ್ಬನ್ನೇ ನೀರಿನ ಹತ್ರ ಬಿಡ್ಬೇಡಿ."

ರವಿಕುಮಾರ್ ಮಗನನ್ನು ಎಬ್ಬಿಸಿ ಬ್ಯಾಗು ಎತ್ತಿಕೊಂಡು, "ನೋಡೋಣ" ಎನ್ನುತ್ತಾರೆ. ಜೀಪು ಇಳಿಜಾರಿನಲ್ಲಿ ಮರೆಯಾಗುತ್ತದೆ. ಮುನಿರಾಮಯ್ಯ ಹೋಗಿ ದಡದ ತುದಿಯ ಕಲ್ಲಿನ ಮೇಲೆ, ನೀರಿಗೆ ಮುಖಮಾಡಿ ಕುಳಿತುಕೊಳ್ಳುತ್ತಾರೆ.

ಅವರ ಹತ್ತಿರ ಬಂದು ನಿಂತದ್ದು ದೀಪ್ತಿ. ವಿಜಯನಗರದ ಬ್ಯಾಂಕೊಂದರಲ್ಲಿ ಗುಮಾಸ್ತೆ. ಎರಡು ದಿನದಿಂದ ಯಾರೊಡನೆಯೂ ಹೆಚ್ಚು ಮಾತಾಡಿದವರಲ್ಲ, ಮಗಳು ಸಿಂಚನಳನ್ನು ನೀರಿಗೆ ಬಿಟ್ಟವರೂ ಅಲ್ಲ. ಈಗ ಮಗಳ ಕೈ ಹಿಡಿದಿದ್ದಾರೆ.

"ಇವಳಿಗೆ ತೇಲೋದು ಹೇಳ್ಕೊಡಿ ಅಣ್ಣ."

"ಬೇಡಮ್ಮ. ಎಲ್ಲಾರೂ ನೋಡ್ತಿದಾರೆ."

"ನೋಡ್ಲಿ" ಎನ್ನುವ ದೀಪ್ತಿ, ಎಲ್ಲರಿಗೂ ಕೇಳುವಂತೆಯೇ ಹೇಳುತ್ತಾರೆ. "ನನ್ನ ತಮ್ಮ ಕಲ್ಲುಹಳ್ಳದಲ್ಲಿ ಹೋಗಿ ಒಂಬತ್ತು ವರ್ಷ ಆಯ್ತು. ಎರಡು ದಿನ ಯಾರಿಗೂ ಸಿಕ್ಕಿರ್ಲಿಲ್ಲ. ನೀವು ತಂದ್ರಿ. ಮುಖ ಒರೆಸಿ, ಅವನ ಕ್ರಾಪ್ ಸರಿ ಮಾಡಿ, ಆಮೇಲೆ ನಮ್ಮಮ್ಮನ್ನ ಕರೆದ್ರಿ. ಮಲಗಿದಂಗಿದ್ದ. ನಮ್ಮಮ್ಮ ಸಾಯೋವರೆಗೂ ಅದನ್ನೇ ಹೇಳ್ತಿದ್ರು, ನನ್ ಮಗ ಮಲಗಿದಂಗಿದ್ದ ಅಂತ. ಅವತ್ತಿಂದ ಮನೆ ಸಂಪಿನ ಮುಚ್ಚಳದ ಮೇಲೂ ಕಲ್ಲು ಹೇರಿಟ್ಟಿದೀನಿ ನಾನು. ನೀವಿರ್ತೀರಿ ಅಂತ ವೆಂಕಟಗಿರಿ ಸಾರ್ ಹೇಳಿದ್ಮೇಲೇ ಈ ಕ್ಯಾಂಪಿಗೆ ಹೆಸರು ಕೊಟ್ಟಿದ್ದು. ಬಂದ್ಮೇಲೂ ಧೈರ್ಯ ಬರ್ಲಿಲ್ಲ."

ಮುನಿರಾಮಯ್ಯನವರಿಗೆ ದೀಪ್ತಿಯ ನೆನಪಿಲ್ಲ. "ದಡದಲ್ಲಿರೋರ ಮುಖ ನಾನು ನೋಡಲ್ಲಮ್ಮ. ನೋಡಿದ್ರೆ ಮನೆಗೆ ಹೋಗೋಕಾಗಲ್ಲ" ಎನ್ನುತ್ತಾರೆ. ಕೈ ಇನ್ನೂ ಬೆನ್ನ ಹಿಂದೆಯೇ ಇದೆ. ದೀಪ್ತಿ ಆ ಕೈಯನ್ನು ಹಿಡಿದು ಮುಂದಕ್ಕೆಳೆದು ಮಗಳ ಬೆನ್ನಿನ ಮೇಲಿಡುತ್ತಾರೆ.

ಹಾಗೆಂದು ಎಲ್ಲರ ಮನಸ್ಸೂ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಮನೆಯ ಮಕ್ಕಳು ಕೊನೆಯ ದಿನದವರೆಗೂ ನೀರಿಗಿಳಿಯಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಇಳಿದರು. ಅಂಬುಜಾ ಸೀರೆ ಎತ್ತಿಕಟ್ಟಿ ಮೊಣಕಾಲುದ್ದದ ನೀರಿನಲ್ಲಿ ನಿಂತು, "ನನ್ನೂ ತೇಲಿಸಪ್ಪ, ಈ ಭಾರ ತೇಲಿದ್ರೆ ನಿನ್ನ ಮೆಚ್ತೀನಿ" ಎಂದರು.

ಅದೇ ಮೂರನೆಯ ದಿನ ನೀರಿನಲ್ಲಿ, ಸಿಂಚನ ಆ ಅಂಗೈ ಮೇಲೆ ಬಹಳ ಹೊತ್ತು ಕಟ್ಟಿಗೆಯಂತೆ ಬಿಗಿದುಕೊಂಡೇ ಇದ್ದಾಳೆ. ಮುನಿರಾಮಯ್ಯ ಅವಸರ ಮಾಡುವುದಿಲ್ಲ. ಮೋಡ ತೋರಿಸುತ್ತಾರೆ, ಹದ್ದು ತೋರಿಸುತ್ತಾರೆ. ಯಾವಾಗ ಕೈ ತೆಗೆದರೋ ದಡದಲ್ಲಿ ನಿಂತ ತಾಯಿಗೂ ತಿಳಿಯಲಿಲ್ಲ. ಹೊರಗೆ ಬಂದ ಹುಡುಗಿಯ ತುಟಿ ನೀಲಿಗಟ್ಟಿದೆ, ಹಲ್ಲು ಕಟಕಟ ಎನ್ನುತ್ತಿವೆ. "ಚಳಿ ತಾತಾ! ಟವೆಲ್ ಕೊಡಿ, ಬೇಗ!" ಎಂದು ರೇಗುತ್ತಾಳೆ.

ಮುನಿರಾಮಯ್ಯ ಹೆಗಲ ಮೇಲಿನ ಟವೆಲು ಎಳೆದು ಅವಳಿಗೆ ಸುತ್ತಿ, ಆಚೆ ತಿರುಗಿ ಮೂಗೊರೆಸಿಕೊಳ್ಳುತ್ತಾರೆ. ಆಮೇಲೆ ಮೆಲ್ಲಗೆ ಹೇಳುತ್ತಾರೆ: "ನಾನು ನೀರಿಂದ ಎತ್ತಿದೋರು ಯಾರೂ ಚಳಿ ಅಂದಿಲ್ಲ ಸಾರ್. ಇದೊಂದು ಬೈಗುಳ ಕೇಳೋಕೆ ವರ್ಷಾ ವರ್ಷಾ ಬರ್ತೀನಿ."

ಐದನೆಯ ದಿನ ಸಂಜೆ ಬಸ್ಸು ಕೆಂಗೇರಿಗೆ ಬಂದು ನಿಲ್ಲುತ್ತದೆ. ಕುಟುಂಬಗಳು ಮೆಟ್ರೊ, ಆಟೊ ಎಂದು ಚದುರುತ್ತವೆ. ಮುನಿರಾಮಯ್ಯ ಹಗ್ಗದ ಸುರುಳಿ ಹೆಗಲಿಗೇರಿಸುತ್ತಾರೆ, ಖಾಲಿ ಕ್ಯಾನುಗಳು ಒಂದಕ್ಕೊಂದು ಬಡಿಯುತ್ತವೆ. ನಾಳೆ ವಿಜಯನಗರದಲ್ಲಿ ಒಂದು ಸಂಪು ಕಾದಿದೆ. ಜೇಬಿನ ಮೊಬೈಲು ತೆಗೆದು ಒಮ್ಮೆ ನೋಡಿ ಮತ್ತೆ ಇಡುತ್ತಾರೆ. ಯಾರೂ ಕರೆದಿಲ್ಲ, ಒಳ್ಳೆಯದೇ.

ಏನಾದರೂ ಆಸೆ ಇದೆಯೇ ಎಂದರೆ ಹಗ್ಗದ ಸುರುಳಿಯನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ.

"ಆ ಅಭಿನವ್ ಇದಾನಲ್ಲ ಸಾರ್, ಅವನು ಪೂರ್ತಿ ಕಲ್ತ ಅಂತ ಅವರಪ್ಪ ಒಂದು ಫೋನ್ ಮಾಡಿದ್ರೆ ಸಾಕು. ಈ ಫೋನ್‌ನಲ್ಲಿ ನಮ್ಮ ಮನೆಯೋಳು ಅಂಥ ಒಳ್ಳೆ ಸುದ್ದಿ ಒಂದೂ ಕೇಳೇ ಇಲ್ಲ."