ಕೂರಲಾರದ ಬೀಗ

ನಾರಿನ್ ಎಂಬ ಬೆಟ್ಟದ ಸೀಮೆಯ ಒಂದು ಹಳ್ಳಿಯಲ್ಲಿ ಟ್ರ್ಯಾಕ್ಟರ್ ಓಡಿಸುವ ಕಾಸ್ಮಾಲಿಯಷ್ಟು ಹಟಮಾರಿ ಇನ್ನೊಬ್ಬನಿರಲಿಲ್ಲ. ನೋವೆಂದರೆ ಮೈಯೊಳಗೆ ಸೇರಿಕೊಂಡ ಕೆಟ್ಟ ನೀರು, ಎಳೆದು ಹೊರಹಾಕಿದರೆ ಮುಗಿಯಿತು ಎಂಬುದೇ ಅವನ ವೈದ್ಯಶಾಸ್ತ್ರ. ಮೊಣಕಾಲು ಹಿಡಿದರೆ ಊರಿನವರೆಲ್ಲ ತೊರೆಯಂಚಿನ ಹಳದಿ ಹೂವು ಜಜ್ಜಿ ಕಟ್ಟುತ್ತಾರೆ, ಉರಿ ಶುರುವಾದ ಕೂಡಲೇ ಬಿಚ್ಚುತ್ತಾರೆ. ಈ ಮಹಾರಾಯ ಮಾತ್ರ ಉರಿದಷ್ಟೂ ಒಳ್ಳೆಯದೆಂದು ಹಲ್ಲು ಕಚ್ಚಿಕೊಂಡಿರುವವನು.

ಈ ಸಲ ಹಿಡಿದದ್ದು ಸೊಂಟದ ಕೆಳಗೆ. ಮಗಳು ಆಯ್ಚೂರೋಕ್ ಮೆಚ್ಚಿದ ಹುಡುಗನ ಮನೆಗೆ ಮಾತು ಗಟ್ಟಿ ಮಾಡಲು ಹೋಗಬೇಕು, ಕುಂಟಿಕೊಂಡು ಹೋಗುವುದೇ? ಎರಡೂ ಕುಂಡೆಗೆ ಹೂವಿನ ಪಟ್ಟು ಹಾಕಿಸಿಕೊಂಡವನು ದಿನವಿಡೀ ಬಿಚ್ಚಲಿಲ್ಲ. ಮರುದಿನ ಅಲ್ಲಿ ಏಪ್ರಿಕಾಟ್ ಗಾತ್ರದ ಬೊಬ್ಬೆಗಳು.

"ನೋಡಮ್ಮ, ರೋಗದ ನೀರೆಲ್ಲ ಹೊರಗೆ ಬಂತು," ಎಂದ, ಬೋರಲು ಮಲಗಿ.

"ಯಾವ ರೋಗ, ಮಾವ?" ಎಂದಳು ಊರಿನ ನರ್ಸ್ ಸಾಯ್ರಾಗುಲ್. "ಹೂವಿನ ರಸ ಚರ್ಮ ಸುಟ್ಟಿದೆ. ಅಲ್ಲಿರೋ ಕಾವಲಿನ ಜೀವಕಣಗಳು ಶತ್ರು ಬಂದ ಅಂತ ಕೂಗಿ, ರಕ್ತದಲ್ಲಿರೋ ನೆಂಟರನ್ನೆಲ್ಲ ಕರೆದಿವೆ. ಊತ, ಉರಿ ಎಲ್ಲ ಅವರ ಗಲಾಟೆ. ನೀರೂ ನಿಮ್ಮ ರಕ್ತದ್ದೇ."

"ಅಂದ್ರೆ ನಮ್ಮವರೇ ನನ್ನ ಹೀಗೆ ಮಾಡಿದ್ರಾ?"

"ಹೂಂ. ನಿಮ್ಮ ವಂಶದವರಲ್ವಾ? ಕೂಗು ಕೇಳಿದ್ರೆ ಸಾಕು, ಏನು ಎತ್ತ ವಿಚಾರಿಸಲ್ಲ. ಬೊಬ್ಬೆ ಒಡೀಬೇಡಿ, ಕೂರಲೇಬೇಡಿ."

ಬೀಗರ ಮನೆಯಲ್ಲಿ ಬಾಗಿಲಿಗೆದುರಿನ ಗೌರವದ ಹಾಸು ಕಾದಿತ್ತು. ಹುಡುಗಿಯ ತಂದೆ ಅಲ್ಲಿ ಕೂರದೆ ಯಾರೂ ಊಟ ಮುಟ್ಟುವಂತಿಲ್ಲ. ಕೂರಲೇ ಇಲ್ಲವೆಂದರೆ ಸಂಬಂಧ ಒಲ್ಲೆ ಎಂದರ್ಥ. ಕಾಸ್ಮಾಲಿ ನಿಂತೇ ಗೋಡೆಯ ರತ್ನಗಂಬಳಿ ಹೊಗಳಿದ, ಕಿಟಕಿ ಹೊಗಳಿದ, ಕೊನೆಗೆ ಒಲೆಯನ್ನೂ ಹೊಗಳಿದ. ಕುರಿಮಾಂಸ ಆರುತ್ತಾ ಬಂತು.

"ಬೀಗರೇ, ನಮ್ಮಿಂದೇನಾದ್ರೂ ತಪ್ಪಾಯ್ತಾ?" ಎಂದ ಹುಡುಗನ ತಂದೆ ತೊಕ್ತೊನಾಲಿ. ಅವನ ದನಿ ಸಣ್ಣಗಾಗಿತ್ತು. ಅತಿಥಿಗಳ ಕೈಗೆ ನೀರು ಹೊಯ್ಯಲು ನಿಂತಿದ್ದ ಹುಡುಗನ ಮುಖ ಬಿಳಿಚಿಕೊಂಡಿತು.

ಕಾಸ್ಮಾಲಿಯ ಹೆಂಡತಿ ಉಲ್ಕಾನ್ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: "ಕೂತ್ಕೊಳ್ರೀ. ಇಲ್ಲಾಂದ್ರೆ ಮದುವೆ ಮುರೀತು ಅಂತ ಮಗಳಿಗೆ ನೀವೇ ಹೇಳ್ಬೇಕು."

ಟ್ರ್ಯಾಕ್ಟರ್ ಮಗುಚಿದಾಗಲೂ ಹೆದರದ ಮನುಷ್ಯ ಈಗ ಹೆದರಿದ. ಮಗಳ ಮುಖ ನೆನೆದು, ಕಣ್ಣು ಮುಚ್ಚಿ ಕೂತೇಬಿಟ್ಟ. ಬೊಬ್ಬೆಗಳು ಒಡೆದವು. ಕಣ್ಣಿಂದ ನೀರು ದಳದಳ ಸುರಿಯಿತು.

"ಹೆಣ್ಣು ಹೆತ್ತವರ ಕರುಳೇ ಹಾಗೆ ಬೀಗರೇ," ಎನ್ನುತ್ತಾ ತೊಕ್ತೊನಾಲಿಯೂ ಅತ್ತ. ಅವನ ಹೆಂಡತಿ ಅತ್ತಳು, ಹುಡುಗನೂ ಅತ್ತ. ಮದುವೆ ಅಲ್ಲೇ ನಿಶ್ಚಯವಾಯಿತು. ಕಾಸ್ಮಾಲಿಗೆ ಅಂಥ ನೋವಿನಲ್ಲೂ ಎದೆ ತುಂಬಿ ಬಂತು.

ಹೊರಡುವಾಗ ಅಂಗಳದಲ್ಲಿ ತಡಿ ಹಾಕಿದ ಕಂದು ಕುದುರೆ ನಿಂತಿತ್ತು, ಬೀಗನಿಗೆ ಉಡುಗೊರೆ.

"ಇದರ ಮೇಲೆ ಕೂತೇ ಊರು ಸೇರ್ಬೇಕು," ಎಂದ ತೊಕ್ತೊನಾಲಿ.

ಕಾಸ್ಮಾಲಿ ತಡಿ ನೋಡಿ ಮತ್ತೆ ಗೊಳೋ ಎಂದು ಅಳತೊಡಗಿದ.

"ನೋಡ್ರೋ, ಮಗಳ ಮೇಲೆ ಎಂಥಾ ಪ್ರೀತಿ," ಎಂದು ತೊಕ್ತೊನಾಲಿ ಕಣ್ಣೊರೆಸಿಕೊಂಡು, ತಾನೇ ಅವನನ್ನೆತ್ತಿ ತಡಿಯ ಮೇಲೆ ಕುಕ್ಕಿ ಕೂರಿಸಿದ.